ಅಂಗಡಿಯ ಹೊರಗೆ ಕೆಮ್ಮುವ ಊರು

ಶಿಡ್ಲಘಟ್ಟ, ಹೊರಡುವ ಮುನ್ನ

ನಮ್ಮ ಕಡೆ ಗಂಡಸು ಕೆಮ್ಮದೆ ಮನೆಯೊಳಗೆ ಕಾಲಿಟ್ಟರೆ ಒಂದೋ ಅವನು ಆ ಮನೆಯ ಮಗು, ಇಲ್ಲವೇ ಕಳ್ಳ. ಹೊಸ್ತಿಲ ಹತ್ತಿರ ನಿಂತು ಗಂಟಲು ಸರಿಮಾಡಿಕೊಂಡು ಎರಡು ಸಲ ಕೆಮ್ಮಬೇಕು. ಒಳಗಿನ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾರೆ, ಮಾತು ಬದಲಾಯಿಸುವುದಿದ್ದರೆ ಬದಲಾಯಿಸುತ್ತಾರೆ. ಆಮೇಲೆ ಒಳಗೆ ಹೋದರೆ ಎಲ್ಲರಿಗೂ ಮರ್ಯಾದೆ. ಅಂಗಡಿಗೂ ಇದೇ ಕಾನೂನು. ಗಲ್ಲಾದ ಹಿಂದೆ ಯಾರೂ ಕಾಣದಿದ್ದರೆ ಗಂಟಲು ಹರಿಯುವ ಹಾಗೆ ಕೂಗುವುದು ಒರಟುತನ. ಮೆಲ್ಲಗೆ ಕೆಮ್ಮಿದರೆ ಸಾಕು, ಊಟಕ್ಕೆ ಕೂತ ಶೆಟ್ಟರೂ ಕೈ ತೊಳೆದುಕೊಂಡು ಬರುತ್ತಾರೆ.

ಶಿಡ್ಲಘಟ್ಟದ ಚಾಂದ್ ಪಾಷಾ ಈ ವಿದ್ಯೆಯಲ್ಲಿ ಪಂಡಿತರು. ಅವರು ರೀಲರ್, ಅಂದರೆ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವವರು. ನಾನು ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತನಾದವನು. ಕೆಲಸದಲ್ಲಿದ್ದಾಗಿನಿಂದಲೂ ಊರಲ್ಲಿ ಎರಡು ಎಕರೆ ಹಿಪ್ಪುನೇರಳೆ ಹಾಕಿಕೊಂಡು ಹುಳು ಸಾಕುತ್ತೇನೆ. ಇಪ್ಪತ್ತು ವರ್ಷಗಳಿಂದ ಮಾರುಕಟ್ಟೆಯಲ್ಲಿ ನನ್ನ ಗೂಡು ನೋಡಿ ಮುಖ ಸಿಂಡರಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ, ಹುಳುವಿಗೆ ಸೊಪ್ಪು ಹಾಕಿದಿರೋ ಪಾಠ ಮಾಡಿದಿರೋ ಎಂದು ಕೇಳಿ, ಕೊನೆಗೆ ಹರಾಜಿನಲ್ಲಿ ತಾವೇ ಕೊಂಡು, ಟೀ ಕುಡಿಸಿ ಕಳಿಸಿದವರು ಪಾಷಾ ಅವರೇ. ಸ್ನೇಹ ಬೆಳೆದದ್ದು ಹೀಗೆ.

ಪಾಷಾ ಅವರಿಗೆ ಎರಡು ಕೆಮ್ಮು. ಒಂದು ಮರ್ಯಾದೆಯದು. ಗಂಟಲಿನಿಂದ ಬರುವಂಥದ್ದು, ಚಿಕ್ಕದು, ಚೊಕ್ಕದು. ಇನ್ನೊಂದು ಹಬೆಯದು. ಮೂವತ್ತು ವರ್ಷ ಗೂಡು ಬೇಯುವ ಬಿಸಿನೀರಿನ ಮುಂದೆ ಕೂತು, ಆ ವಾಸನೆ ಕುಡಿದು ಎದೆಯಲ್ಲಿ ಬೇರುಬಿಟ್ಟದ್ದು. ಅದು ಬಂದರೆ ಮನುಷ್ಯ ಗೋಡೆ ಹಿಡಿಯಬೇಕು. ರೀಲರ್‌ಗಳ ಬೀದಿಯಲ್ಲಿ ಬೆಳಗ್ಗೆ ನಡೆದರೆ ಮನೆಮನೆಯಿಂದ ಈ ಕೆಮ್ಮು ಕೇಳುತ್ತದೆ. ಅಲ್ಲಿ ಯಾರೂ ಅದಕ್ಕೆ ತಿರುಗಿ ನೋಡುವುದಿಲ್ಲ.

ಅವರ ಹೆಂಡತಿ ದಿಲ್ಶಾದ್ ಅವರಿಗೆ ಅದು ಗಂಡನಿಗಿಂತ ಜಾಸ್ತಿಯಾಯಿತು. ಇನ್ನು ಹಬೆಯ ಹತ್ತಿರ ಸುಳಿಯಕೂಡದು ಎಂದು ಚಿಕ್ಕಬಳ್ಳಾಪುರದ ಡಾಕ್ಟರು ಖಡಾಖಂಡಿತವಾಗಿ ಹೇಳಿದ ಮೇಲೆ ಗೂಡು ಬೇಯಿಸುವ ಬೇಸಿನ್ ಮುಂದಿನ ಅವರ ಜಾಗ ಖಾಲಿ ಬಿತ್ತು. ಸೊಸೆ ಆಯಿಷಾ ತಾನು ಕೂರುತ್ತೇನೆ ಎಂದಳು. ಚಿಂತಾಮಣಿಯ ರೀಲರ್ ಮನೆಯ ಹುಡುಗಿ, ಕೆಲಸ ಬಲ್ಲವಳು. ಪಾಷಾ ಅವರು ಅವತ್ತು ಎದ್ದು ಹೋದರು. ಒಂದು ವಾರದ ಮೇಲೆ ನನ್ನ ಮನೆಗೆ ಬಂದು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು. ವಿಯೆಟ್ನಾಮಿನ ಬಾವೊ ಲೊಕ್ ಎಂಬ ರೇಷ್ಮೆ ಊರಿನಲ್ಲಿ ಯಾರೋ ಒಂದು ಸಣ್ಣ ಮಿಷನ್ನು ಮಾಡಿದ್ದರು. ಗೂಡು ಮುಚ್ಚಳ ಹಾಕಿದ ಪೆಟ್ಟಿಗೆಯಲ್ಲೇ ಬೇಯುತ್ತದೆ, ಹಬೆ ಕೊಳವೆಯಲ್ಲಿ ಸೂರಿನ ಮೇಲೆ ಹೋಗುತ್ತದೆ. ದೊಡ್ಡ ಯಂತ್ರಗಳು ನಮ್ಮಲ್ಲೂ ಬಂದಿವೆ, ಆದರೆ ಅವು ದೊಡ್ಡವರಿಗೆ. ಇದು ಮನೆಯ ಹಿಂದಿನ ಶೆಡ್ಡಿಗೆ ಹಿಡಿಸುವಂಥದ್ದು.

"ಕಣ್ಣಾರೆ ನೋಡಿ ಬರ್ತೀನಿ ಮೇಷ್ಟ್ರೇ," ಎಂದರು. "ಇದ್ರ ಮುಂದೆ ಕೂತೋರಿಗೆ ಕೆಮ್ಮು ಬರಲ್ಲ ಅಂದ್ರೆ ಆಯಿಷಾ ಕೂರ್ಲಿ. ಬರುತ್ತೆ ಅಂದ್ರೆ ನಮ್ಮನೆ ಹೆಣ್ಮಕ್ಳು ಇನ್ಯಾರೂ ಕೂರಲ್ಲ. ಬೇಸಿನ್ನೇ ಕಿತ್ತಾಕ್ತೀನಿ. ದಿಲ್ಶಾದ್‌ಗೆ ಮಾತು ಕೊಟ್ಟಿದೀನಿ."

ನನ್ನನ್ನು ಕರೆದದ್ದು ಇಂಗ್ಲಿಷಿಗಾಗಿ. ಮೂವತ್ತೆರಡು ವರ್ಷ ಇಂಗ್ಲಿಷ್ ಪಾಠ ಮಾಡಿದ ನಾನು ಅದುವರೆಗೆ ಒಬ್ಬ ಪರದೇಶಿಯ ಜೊತೆ ಮಾತಾಡಿದ್ದು ನಂದಿ ಬೆಟ್ಟದಲ್ಲಿ, ಅದೂ ಶೌಚಾಲಯ ಎಲ್ಲಿದೆ ಎಂದು ಅವನು ಕೇಳಿದಾಗ. ಆದರೂ ಹುರುಪಿನಿಂದ ಒಪ್ಪಿದೆ. ಎರಡು ಸಾವಿರದ ಇಪ್ಪತ್ತನೇ ಇಸವಿ, ಫೆಬ್ರವರಿ ಮುಗಿಯುವ ಹೊತ್ತು. ಚೀನಾದಲ್ಲಿ ಏನೋ ಕಾಯಿಲೆಯಂತೆ ಎಂದು ಟಿವಿಯಲ್ಲಿ ಬರುತ್ತಿತ್ತು. ನಮ್ಮ ಪಾಲಿಗೆ ಅದು ಯಾರದೋ ಊರಿನ ಸುದ್ದಿ. ಗೌರಿಬಿದನೂರು ಸೀಮೆಯ ನಗರಗೆರೆಯಿಂದ ನಮ್ಮ ಅತ್ತೆ ಒಂದು ಡಬ್ಬಿ ಕಷಾಯದ ಪುಡಿ ಕಳಿಸಿದರು. ಇದು ಕುಡಿದರೆ ಯಾವ ಚೀನಾವೂ ಹತ್ತಿರ ಬರುವುದಿಲ್ಲ ಎಂಬ ಭರವಸೆಯೂ ಜೊತೆಗೆ ಬಂತು.

ಹೋ ಚಿ ಮಿನ್ಹ್ ನಗರ, ಔಷಧಿ ಅಂಗಡಿ

ಇಳಿದ ಊರಿನಲ್ಲಿ ಯಾರಿಗೂ ಅರ್ಧ ಮುಖ ಇರಲಿಲ್ಲ. ಸ್ಕೂಟರು ಓಡಿಸುವವರು, ಹಣ್ಣು ಮಾರುವವರು, ತಾಯಿಯ ಬೆನ್ನಿಗಂಟಿಕೊಂಡ ಮಕ್ಕಳು, ಎಲ್ಲರೂ ಮಾಸ್ಕು ಹಾಕಿದ್ದರು. ಬರಿಮುಖದ ನಮ್ಮಿಬ್ಬರನ್ನು ಜನ ಒಂದು ಸಲ ನೋಡಿ, ಆಮೇಲೆ ದಾರಿ ಬಿಡುತ್ತಿದ್ದರು. ಪರದೇಶದವರಿಗೆ ಎಷ್ಟು ಗೌರವ ಕೊಡುತ್ತಾರೆ ನೋಡಿ ಎಂದು ನಾನು ಪಾಷಾ ಅವರಿಗೆ ವಿವರಿಸಿದೆ.

ಮಾಸ್ಕು ಕೊಳ್ಳಲು ಒಂದು ಔಷಧಿ ಅಂಗಡಿಗೆ ಹೋದೆವು. ಬಾಗಿಲಲ್ಲಿ ಸ್ಟೂಲಿನ ಮೇಲೆ ಕೈಗೆ ಹಚ್ಚಿಕೊಳ್ಳುವ ದ್ರವದ ಬಾಟಲಿ ಇತ್ತು. ಅದು ಮಾರಾಟಕ್ಕಿಟ್ಟದ್ದು ಎಂದುಕೊಂಡು ಮುಟ್ಟಲಿಲ್ಲ. ಒಳಗೆ ಐದಾರು ಜನ, ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಮಂಚ ಹಿಡಿಸುವಷ್ಟು ಜಾಗ ಬಿಟ್ಟು ನಿಂತಿದ್ದರು. ನಮ್ಮ ಚಿಂತಾಮಣಿ ಸಂತೆಯಲ್ಲಿ ಸಾಲಿನ ನಡುವೆ ಗೇಣು ಜಾಗ ಕಂಡರೆ ಅದು ನಮಗಾಗಿಯೇ ಬಿಟ್ಟದ್ದು. ನಾನು ಒಂದು ಸಂದಿಯಲ್ಲಿ ನಿಂತೆ, ಪಾಷಾ ಇನ್ನೊಂದರಲ್ಲಿ.

ಗಲ್ಲಾದಲ್ಲಿ ಯಾರೂ ಇರಲಿಲ್ಲ. ಅಂಗಡಿಯವನು ಏನೋ ತರಲು ಒಳಗೆ ಹೋಗಿದ್ದ. ಯಾರೂ ಅವನನ್ನು ಕರೆಯುತ್ತಲೂ ಇರಲಿಲ್ಲ. ಪಾಪ, ಈ ಜನಕ್ಕೆ ಕರೆಯುವ ದಾರಿ ತಿಳಿಯದು ಎಂದು ಪಾಷಾ ಅವರಿಗೆ ಅನಿಸಿರಬೇಕು. ಕೈ ಹಿಂದೆ ಕಟ್ಟಿಕೊಂಡು, ತಲೆ ಸ್ವಲ್ಪ ಬಗ್ಗಿಸಿ, ತಮ್ಮ ಮರ್ಯಾದೆಯ ಕೆಮ್ಮನ್ನು ಎರಡು ಸಲ ಕೆಮ್ಮಿದರು.

ಕೈಯಲ್ಲಿದ್ದ ಬುಟ್ಟಿಯನ್ನು ಅಲ್ಲೇ ನೆಲಕ್ಕಿಟ್ಟು ಒಬ್ಬಾಕೆ ಹೊರಟೇಹೋದಳು. ಅವಳ ಹಿಂದೆ ಇನ್ನಿಬ್ಬರು. ಉಳಿದವರು ಗೋಡೆಗೆ ಆತುಕೊಂಡರು. ಯಾರೂ ಬೈಯಲಿಲ್ಲ, ಏನೂ ಅನ್ನಲಿಲ್ಲ. ಆ ಮೌನಕ್ಕೆ ಪಾಷಾ ಅವರು ಗಲಿಬಿಲಿಗೊಂಡರು. ಗಲಿಬಿಲಿಗೆ ಉಸಿರು ಸಿಕ್ಕಿಕೊಂಡು ಎರಡನೆಯ ಕೆಮ್ಮು, ಹಬೆಯದು, ಎದ್ದಿತು. ಶುರುವಾದರೆ ಅದು ಯಾರ ಮಾತೂ ಕೇಳುವುದಿಲ್ಲ. ಗಾಜಿನ ಕಪಾಟು ಹಿಡಿದುಕೊಂಡು ಕೆಮ್ಮಿದರು.

ನಾನು ಏನು ಮಾಡಿದೆ ಎಂದು ಹೇಳಿಬಿಡಬೇಕು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಒಂದು ಶಾಂಪೂ ಬಾಟಲಿ ಎತ್ತಿಕೊಂಡು ಅದರ ಚೀಟಿ ಓದತೊಡಗಿದೆ. ನನಗೆ ಬರದ ಭಾಷೆಯ ಚೀಟಿ, ತಲೆಯಲ್ಲಿ ಕೂದಲೂ ಇಲ್ಲ. ಇಪ್ಪತ್ತು ವರ್ಷದ ಸ್ನೇಹಿತನನ್ನು ಗೊತ್ತಿಲ್ಲದವನ ಹಾಗೆ ಬಿಟ್ಟು ನಿಂತೆ. ಇವತ್ತಿಗೂ ಅದು ನೆನಪಾದರೆ ನಾಚಿಕೆಯಾಗುತ್ತದೆ.

ಅಂಗಡಿಯವನು ಬಂದ. ಒಂದು ಪೊಟ್ಟಣ ಮಾಸ್ಕನ್ನು ಗಲ್ಲಾದ ತುದಿಗಿಟ್ಟು ಮರದ ಸ್ಕೇಲಿನಿಂದ ನಮ್ಮ ಕಡೆ ತಳ್ಳಿದ. ಹಣವನ್ನು ತಟ್ಟೆಯಲ್ಲಿ ಹಾಕಿಸಿಕೊಂಡು, ಎದೆಯ ಮೇಲೆ ಕೈಯಿಟ್ಟು ವಿನಯದಿಂದ ಬಾಗಿ, ಬಾಗಿಲು ತೋರಿಸಿದ. ಅಷ್ಟು ಸಭ್ಯವಾಗಿ ನನ್ನನ್ನು ಯಾರೂ ಹೊರಗೆ ಹಾಕಿರಲಿಲ್ಲ.

ರಸ್ತೆಗೆ ಬಂದ ಮೇಲೆ ಪಾಷಾ ಅವರು ಬಹಳ ಹೊತ್ತು ಯೋಚಿಸಿದರು. ಎರಡೇ ಸಲ ಕೆಮ್ಮಿದ್ದು ಸಾಲದೆ ಹೋಯಿತೇನೋ, ದೊಡ್ಡ ಊರು, ಮೂರು ಸಲ ಕೆಮ್ಮಬೇಕಿತ್ತೋ ಏನೋ ಎಂದು ನನ್ನನ್ನೇ ಕೇಳಿದರು.

ಅದೇ ಊರು, ಮಾರನೆಯ ದಿನ

ಆ ಮಿಷನ್ನಿರುವ ಬಾವೊ ಲೊಕ್‌ನ ಕಾರ್ಖಾನೆಯವರು ನಮಗೆ ದುಭಾಷಿಯಾಗಿ ಲಿಯೆನ್ ಎಂಬ ಹೆಣ್ಣುಮಗಳನ್ನು ಕಳಿಸಿದ್ದರು. ಮೂವತ್ತರ ಆಸುಪಾಸು, ಚುರುಕು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಭಾಷೆ ಎಂದು ಒಪ್ಪಿಕೊಳ್ಳಲು ಇಬ್ಬರಿಗೂ ಅರ್ಧ ದಿನ ಹಿಡಿಯಿತು. ಔಷಧಿ ಅಂಗಡಿಯ ಕಥೆ ಹೇಳಿದೆ. ಮಾಸ್ಕಿನ ಹಿಂದೆ ನಕ್ಕಳೋ ಗಾಬರಿಯಾದಳೋ ತಿಳಿಯಲಿಲ್ಲ. ನಮ್ಮನ್ನು ನೇರ ಒಂದು ದಿನಸಿ ಅಂಗಡಿಗೆ ಕರೆದುಕೊಂಡು ಹೋಗಿ ಪಾಠ ಶುರುಮಾಡಿದಳು.

ಬಾಟಲಿಯ ದ್ರವ ಮಾರಾಟಕ್ಕಲ್ಲ, ಒಳಗೆ ಬರುವಾಗ ಕೈಗೆ ಹಚ್ಚಿಕೊಳ್ಳಲು. ಸಾಲಿನ ನಡುವಿನ ಜಾಗ ಖಾಲಿಯಲ್ಲ, ಅದು ಮುಂದಿನವರದ್ದೇ. ಕೆಮ್ಮು ಬಂತೆಂದರೆ ಹಿಡಿದ ಸಾಮಾನನ್ನು ಅಲ್ಲೇ ಇಟ್ಟು ಹೊರಗೆ ಹೋಗಬೇಕು, ಜನರಿಗೆ ಬೆನ್ನು ಹಾಕಬೇಕು, ಮೊಣಕೈ ಮಡಿಸಿ ಅದರೊಳಗೆ ಕೆಮ್ಮಬೇಕು, ಕೈ ಶುದ್ಧಮಾಡಿಕೊಂಡು ಮತ್ತೆ ಬರಬೇಕು. ಬಂದವರನ್ನು ಯಾರೂ ಏನೂ ಕೇಳಬಾರದು, ಅದು ನೋಡುವವರ ಮರ್ಯಾದೆ ಎಂದಳು.

ಅವಳು ಹೇಳುತ್ತಿದ್ದಾಗಲೇ ಸಾಲಿನಲ್ಲಿದ್ದ ಒಬ್ಬ ಮುದುಕ ಸೊಪ್ಪಿನ ಕಟ್ಟನ್ನು ಕೆಳಗಿಟ್ಟು ಸರಸರನೆ ಹೊರಗೆ ನಡೆದ. ರಸ್ತೆಬದಿಯ ಮರಕ್ಕೆ ಮುಖಮಾಡಿ ಕೆಮ್ಮಿದ. ತಿರುಗಿ ಬಂದ. ಅವನ ಜಾಗ ಹಾಗೆಯೇ ಇತ್ತು. ಹಿಂದಿನವರು ಒಂದು ಹೆಜ್ಜೆಯೂ ಮುಂದೆ ಬಂದಿರಲಿಲ್ಲ. ಸೊಪ್ಪು ಎತ್ತಿಕೊಂಡು ನಿಂತ, ಏನೂ ಆಗಿಲ್ಲವೆಂಬಂತೆ.

ಎದ್ದು ಹೋದವನ ಜಾಗ ಉಳಿಸುವ ಸಾಲನ್ನು ನಾನು ಮೊದಲ ಸಲ ನೋಡಿದ್ದು. ನಮ್ಮಲ್ಲಿ ಸಾಲು ಬಿಟ್ಟು ಸೀನಿ ಬಂದರೂ ಮತ್ತೆ ಕೊನೆಯಿಂದ ಶುರು. ಆದರೆ ಕೆಮ್ಮುವವನನ್ನು ನಾವು ಒಂಟಿಯಾಗಿ ಬಿಡುವುದೂ ಇಲ್ಲ. ಚಿಂತಾಮಣಿ ಬಸ್ಸಿನಲ್ಲಿ ಒಬ್ಬ ಕೆಮ್ಮಿದರೆ ಹತ್ತು ವೈದ್ಯರು ಹುಟ್ಟುತ್ತಾರೆ. ಮೆಣಸು ಜಗಿಯಪ್ಪ ಎನ್ನುವವರು ಒಬ್ಬರು, ಬಾಳೆಹಣ್ಣು ಬಿಡು ಎನ್ನುವವರು ಇನ್ನೊಬ್ಬರು. ಯಾರೋ ತಾವು ಬಾಯಿಟ್ಟು ಕುಡಿದ ನೀರಿನ ಬಾಟಲಿಯನ್ನೇ ಕೊಡುತ್ತಾರೆ, ಇನ್ಯಾರೋ ತಮ್ಮ ಸೋದರಮಾವ ಇದೇ ಕೆಮ್ಮಿನಿಂದ ಹೋದದ್ದನ್ನು ವಿಸ್ತಾರವಾಗಿ ಹೇಳಿ ಸಮಾಧಾನ ಮಾಡುತ್ತಾರೆ. ಯಾವುದು ಒಳ್ಳೆಯದು ಎಂದು ಪಾಷಾ ಅವರನ್ನು ಕೇಳಿದೆ. ಅವರು ಆ ಮರವನ್ನೇ ನೋಡುತ್ತಿದ್ದರು.

"ಕೆಮ್ಮೋಕೆ ಒಂದು ಜಾಗ ಅಂತ ಮಾಡಿದಾರಲ್ಲ, ಅದು ಒಳ್ಳೇದೇ," ಎಂದರು. ಆದರೆ ತಮ್ಮ ಕೆಮ್ಮಿಗೆ ಹೊರಗೆ ಹೋಗಿ ಬರುವಷ್ಟು ಹೊತ್ತು ಸಾಲದು, ದಿನವಿಡೀ ಆ ಮರದ ಕೆಳಗೇ ಕುರ್ಚಿ ಹಾಕಿಕೊಳ್ಳಬೇಕಾಗುತ್ತದೆ ಎಂದರು.

ಘಟ್ಟದ ದಾರಿ

ಬಾವೊ ಲೊಕ್‌ಗೆ ವ್ಯಾನಿನಲ್ಲಿ ಐದು ಗಂಟೆಯ ದಾರಿ. ಹತ್ತುವಾಗಲೇ ಲಿಯೆನ್ ಎಚ್ಚರಿಸಿದ್ದಳು, ಡ್ರೈವರು ಕೆಮ್ಮಿಗೆ ಹೆದರುವ ಮನುಷ್ಯ, ಕೇಳಿಸಿದರೆ ಇಳಿಸಿಬಿಡುತ್ತಾನೆ ಎಂದು. ಅದಕ್ಕಿಂತ ದೊಡ್ಡ ಭಯವೊಂದಿತ್ತು. ಅನುಮಾನ ಬಂದವರನ್ನು ಸರ್ಕಾರದವರು ಎರಡು ವಾರ ಬೇರೆ ಇಡುತ್ತಿದ್ದರು. ಹಾಗಾದರೆ ಮಿಷನ್ನೂ ಇಲ್ಲ, ವಾಪಸು ಹೋಗುವ ವಿಮಾನವೂ ಇಲ್ಲ.

ಪಾಷಾ ಅವರು ಮಾತಿನ ಮನುಷ್ಯ. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರ ಮುಟ್ಟುವಷ್ಟರಲ್ಲಿ ಪಕ್ಕದವನ ಮೂರು ತಲೆಮಾರು ತಿಳಿದುಕೊಂಡಿರುತ್ತಾರೆ. ಮಾತಾಡಿದರೆ ಕೆಮ್ಮು ಏಳುತ್ತದೆಂದು ಅವತ್ತು ಐದು ಗಂಟೆ ತುಟಿ ಬಿಚ್ಚಲಿಲ್ಲ. ಒಂದು ದವಡೆಯಲ್ಲಿ ಲವಂಗ, ಇನ್ನೊಂದರಲ್ಲಿ ಜೇಷ್ಠಮಧುವಿನ ತುಂಡು. ತಿರುವುಗಳಲ್ಲಿ ಕಣ್ಣು ಕೆಂಪಾಗಿ ನೀರು ತುಂಬುತ್ತಿತ್ತು. ನನ್ನ ತೊಡೆಯನ್ನು ಅದುಮಿ ಹಿಡಿದು ಕೆಮ್ಮು ನುಂಗುತ್ತಿದ್ದರು. ಒಂದು ಹಣ್ಣಿನಂಗಡಿಯ ಮುಂದೆ ವ್ಯಾನು ನಿಂತಾಗ ಸದ್ದಿಲ್ಲದೆ ಇಳಿದು, ಅಂಗಡಿಯ ಹಿಂದೆ ಬಾಳೆಗಿಡಗಳ ಮರೆಗೆ ಹೋದರು. ಅಲ್ಲಿ ಎಷ್ಟು ಕೆಮ್ಮಿದರೋ. ಬಂದಾಗ ಅಂಗಿ ಬೆವರಿನಿಂದ ತೊಯ್ದಿತ್ತು. ಡ್ರೈವರನಿಗೆ ಒಂದು ಕಿತ್ತಳೆ ಕೊಟ್ಟು ನಕ್ಕರು.

ಗಟ್ಟಿಯಾಗಿ ಕೆಮ್ಮುವುದೂ ಒಂದು ಸುಖ ಎಂದು ಅವತ್ತು ನನಗೆ ತಿಳಿಯಿತು.

ಬಾವೊ ಲೊಕ್, ಬೆಳಗ್ಗೆ

ಎದ್ದು ಕಿಟಕಿ ತೆರೆದರೆ ಮಂಜು. ಟೀ ತೋಟ, ಅದರ ಕೆಳಗೆ ಹಿಪ್ಪುನೇರಳೆ. ಸ್ಕಂದಗಿರಿಯ ಬುಡದ ಹಳ್ಳಿಯಲ್ಲಿ ಎದ್ದ ಹಾಗೇ ಆಯಿತು. ಸೊಪ್ಪಿನ ಎಲೆ ನಮ್ಮದಕ್ಕಿಂತ ಅಗಲ ಎಂದು ಹೊಟ್ಟೆಕಿಚ್ಚೂ ಆಯಿತು.

ಪಾಷಾ ಅವರ ಎದೆಗೆ ಮಂಜು ಆಗದು. ನಗರಗೆರೆಯ ಕಷಾಯವನ್ನು ಕೆಟಲಿನಲ್ಲಿ ಕುದಿಸಿ ಎರಡು ಲೋಟ ಕುಡಿಸಿದೆ. ಕೆಮ್ಮು ನಿಲ್ಲಲಿಲ್ಲ, ಕೆಟಲು ಮಾತ್ರ ಹಾಳಾಯಿತು. ಲಾಡ್ಜಿನ ಯಜಮಾನಿ ಬಾಗಿಲ ಹೊರಗಿನಿಂದಲೇ ಕೇಳಿಸಿಕೊಂಡು ಹೋಗಿರಬೇಕು. ನಾವು ತಿಂಡಿಗೆ ಇಳಿಯುವಷ್ಟರಲ್ಲಿ ಊರಿನ ಆರೋಗ್ಯ ಕೇಂದ್ರದ ನರ್ಸು ಬಂದು ಅಂಗಳದಲ್ಲಿ ನಿಂತಿದ್ದಳು, ಕೈಯಲ್ಲಿ ಪಿಸ್ತೂಲಿನಂಥ ಥರ್ಮಾಮೀಟರು.

ಪಾಷಾ ಅವರ ಹಣೆಗೆ ಅದನ್ನು ಹಿಡಿದಾಗ ನನ್ನ ಜೀವ ಬಾಯಿಗೆ ಬಂತು. ಜ್ವರವಿರಲಿಲ್ಲ. ಮತ್ತೊಮ್ಮೆ ಹಿಡಿದಳು. ಆಗಲೂ ಇರಲಿಲ್ಲ. ಎಷ್ಟು ದಿನದಿಂದ ಕೆಮ್ಮು ಎಂದು ಲಿಯೆನ್ ಮೂಲಕ ಕೇಳಿದಳು. ಮೂವತ್ತು ವರ್ಷ ಎಂದು ನಾನು ಹೇಳಿದೆ. ದಿನವೋ ವರ್ಷವೋ ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು. ಆಮೇಲೆ ಪಾಷಾ ಅವರ ಕೈಗಳನ್ನು ನೋಡಿದಳು. ಬಿಸಿನೀರಿನಲ್ಲಿ ನೆಂದೂ ನೆಂದೂ ಬೆರಳ ತುದಿಯ ಗೆರೆ ಅಳಿಸಿಹೋದ ಕೈಗಳವು. ತನ್ನ ಎದೆ ತಟ್ಟಿಕೊಂಡು ಏನೋ ಒಂದು ಮಾತು ಕೇಳಿದಳು. ರೇಷ್ಮೆ ಕೆಲಸವಾ ಎಂದು ಕೇಳುತ್ತಿದ್ದಾಳೆ ಎಂದು ಲಿಯೆನ್ ಹೇಳಿದಳು. ಹೌದೆಂದೆ. ಚೀಟಿಯಲ್ಲಿ ಬರೆದುಕೊಂಡು ಹೋದಳು. ಎರಡು ವಾರದ ಸೆರೆ ತಪ್ಪಿತು.

ನಾನು ಗೆದ್ದವನ ಹಾಗೆ ಇಡ್ಲಿಯಿಲ್ಲದ ಆ ತಿಂಡಿಯನ್ನೂ ಚಪ್ಪರಿಸಿ ತಿಂದೆ. ಪಾಷಾ ಅವರು ತಿನ್ನಲಿಲ್ಲ. ಆ ನರ್ಸಮ್ಮನಿಗೆ ಈ ಕೆಮ್ಮು ಗೊತ್ತಿದೆ ಎಂದಷ್ಟೇ ಹೇಳಿದರು.

ಕಾರ್ಖಾನೆಯ ಗೇಟು

ಯಜಮಾನರು ಗೇಟಿಗೆ ಬಂದು ನಮ್ಮನ್ನು ಕಂಡರು. ಐವತ್ತರ ಮನುಷ್ಯ, ಮೃದು ಮಾತು. ಲಾಡ್ಜಿನ ಸುದ್ದಿ ನಮಗಿಂತ ಮುಂಚೆ ಅವರನ್ನು ಮುಟ್ಟಿತ್ತು. ನರ್ಸಿನ ಚೀಟಿಯನ್ನು ನಂಬುತ್ತೇನೆ, ಆದರೆ ಕೆಮ್ಮುವವರನ್ನು ಒಳಗೆ ಬಿಟ್ಟರೆ ಕೆಲಸದವರು ಹೆದರುತ್ತಾರೆ, ಅವರ ಜವಾಬ್ದಾರಿ ನನ್ನದು, ಕ್ಷಮಿಸಬೇಕು ಎಂದರು. ಗೇಟಿನ ಹೊರಗೆ ಕುರ್ಚಿ ಹಾಕಿಸಿ ಟೀ ತರಿಸಿದರು. ನಾನು ವಾದ ಮಾಡಿದೆ. ಅಷ್ಟು ದೂರದಿಂದ ಬಂದಿದ್ದೇವೆ, ಈ ಕೆಮ್ಮು ಅಂಟುವುದಿಲ್ಲ, ಇದನ್ನು ನಿಲ್ಲಿಸುವ ಮಿಷನ್ನು ಹುಡುಕಿಕೊಂಡೇ ಬಂದದ್ದು ಎಂದೆಲ್ಲ ಹೇಳಿದೆ. ಕೆಮ್ಮಿನ ದೆಸೆಯಿಂದ ಬಂದವರನ್ನು ಕೆಮ್ಮೇ ಬಾಗಿಲಲ್ಲಿ ತಡೆದಿತ್ತು. ಅವರು ಬಾಗಿದರೇ ಹೊರತು ಬಗ್ಗಲಿಲ್ಲ.

ಪಾಷಾ ಅವರೇ ನನ್ನ ತೋಳು ಹಿಡಿದು ನಿಲ್ಲಿಸಿದರು. ನಾನೊಬ್ಬನೇ ಹೋಗಿ ಬರಬೇಕಂತೆ. ನನಗೆ ಹುಳು ಗೊತ್ತು, ನೂಲು ಗೊತ್ತಿಲ್ಲ, ಏನನ್ನು ನೋಡಲಿ ಎಂದು ಕೇಳಿದೆ.

"ಎಳೆ ನೋಡ್ಬೇಡಿ, ಸ್ಪೀಡೂ ನೋಡ್ಬೇಡಿ," ಎಂದರು. "ಒಂದು ಗಂಟೆ ಸುಮ್ನೆ ನಿಂತ್ಕಳಿ. ಅಲ್ಲಿ ಕೂತಿರೋ ಹೆಣ್ಮಕ್ಳು ಕೆಮ್ತಾರಾ ಅಂತ ಕಿವಿ ಕೊಡಿ. ಯಾರ್ನೂ ವಿಚಾರಿಸ್ಬೇಡಿ. ವಿಚಾರಿಸಿದ್ರೆ ಯಾರೂ ನಿಜ ಹೇಳಲ್ಲ, ದಿಲ್ಶಾದೂ ಹೇಳಿರ್ಲಿಲ್ಲ."

ಹೋದೆ. ಉದ್ದನೆಯ ಶೆಡ್ಡು, ಎರಡು ಸಾಲು ಮಿಷನ್ನು, ಪ್ರತಿಯೊಂದರ ಮುಂದೆ ಮಾಸ್ಕು ಹಾಕಿದ ಒಬ್ಬ ಹೆಂಗಸು. ವಿಡಿಯೊದಲ್ಲಿ ಕಂಡ ಹಾಗೇ ಪೆಟ್ಟಿಗೆಗೆ ಮುಚ್ಚಳವಿತ್ತು, ಕೊಳವೆಯಿತ್ತು. ಎಳೆ ಕಡಿದಾಗ ಮುಚ್ಚಳ ಎತ್ತುತ್ತಿದ್ದರು, ಆಗ ಒಂದಿಷ್ಟು ಹಬೆ ಏಳುತ್ತಿತ್ತು, ಮತ್ತೆ ಮುಚ್ಚುತ್ತಿದ್ದರು. ನಮ್ಮ ಶೆಡ್ಡುಗಳಿಗೆ ಹೋಲಿಸಿದರೆ ಅದು ಹಬೆಯೇ ಅಲ್ಲ. ನಾನು ಗೋಡೆಯ ಪಕ್ಕ ನಿಂತು, ಗಡಿಯಾರ ನೋಡಿಕೊಂಡು ಕಿವಿಯಾದೆ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಯಾರೂ ಕೆಮ್ಮಲಿಲ್ಲ. ಆಗಾಗ ಒಬ್ಬೊಬ್ಬರು ಕೈಯೆತ್ತಿ, ಎದ್ದು, ಹಿಂಬಾಗಿಲಿನಿಂದ ಹೊರಗೆ ಹೋಗಿ ಬರುತ್ತಿದ್ದರು. ಅವರ ಮಿಷನ್ನನ್ನು ಪಕ್ಕದವಳು ನೋಡಿಕೊಳ್ಳುತ್ತಿದ್ದಳು. ನೀರು ಕುಡಿಯಲು ಇಷ್ಟು ಧಾರಾಳವಾಗಿ ಬಿಡುವ ಯಜಮಾನ ಸಿಕ್ಕಬೇಕಾದರೆ ಪುಣ್ಯ ಮಾಡಿರಬೇಕು ಎಂದುಕೊಂಡೆ. ಒಂದು ಗಂಟೆ ತುಂಬಿತು. ಶೆಡ್ಡಿನಲ್ಲಿ ಒಂದೇ ಒಂದು ಕೆಮ್ಮು ಕೇಳಲಿಲ್ಲ.

ನನಗಾದ ಸಂತೋಷ ಹೇಳತೀರದು. ಆಯಿಷಾ ಆ ಮಿಷನ್ನಿನ ಮುಂದೆ ಕೂತಿರುವುದನ್ನು ಮನಸ್ಸಿನಲ್ಲೇ ಕಂಡೆ. ಯಜಮಾನರ ಕೈಕುಲುಕಲು ಹೋಗಿ, ಅವರು ಹಿಂದೆ ಸರಿದು ಬಾಗಿದ್ದರಿಂದ ನಾನೂ ಬಾಗಿ, ಗೇಟಿಗೆ ಓಡಿದೆ.

ಹಿಂದಿನ ಗೋಡೆ

ಕುರ್ಚಿ ಖಾಲಿಯಿತ್ತು. ಟೀ ಹಾಗೇ ಆರಿಹೋಗಿತ್ತು. ಕಾಂಪೌಂಡನ್ನು ಸುತ್ತಿಕೊಂಡು ಹಿಂದೆ ಹೋದರೆ ಮೊಣಕಾಲುದ್ದದ ಗೋಡೆ, ಗೋಡೆಯಾಚೆ ಒಂದು ಹಲಸಿನ ಮರ, ಒಂದು ನಲ್ಲಿ. ಈಚೆಗೆ ಒಂದು ಕಲ್ಲಿನ ಮೇಲೆ ಪಾಷಾ ಅವರು ಕೂತಿದ್ದರು. ಗೇಟಿನ ಹತ್ತಿರ ಕೆಮ್ಮಬಾರದೆಂದು ಇಲ್ಲಿಗೆ ಬಂದಿದ್ದರಂತೆ.

ಒಂದು ಗಂಟೆ ಪೂರ್ತಿ, ಒಬ್ಬರೂ ಕೆಮ್ಮಲಿಲ್ಲ ಎಂದು ನಾನು ಏದುಸಿರು ಬಿಡುತ್ತಾ ಹೇಳಿದೆ. ಅವರು ನನ್ನನ್ನು ಕೂರಿಸಿದರು.

"ಒಳಗೆ ಕೆಮ್ಮಲಿಲ್ಲ ಮೇಷ್ಟ್ರೇ," ಎಂದರು. "ಇಲ್ಲಿಗೆ ಬಂದು ಕೆಮ್ಮಿದ್ರು. ಹನ್ನೊಂದು ಜನ. ನಾನು ಎಣಿಸ್ತಾ ಕೂತಿದೀನಿ."

ಹಿಂಬಾಗಿಲು ತೆರೆಯಿತು. ಒಬ್ಬ ಹೆಂಗಸು ಬಂದಳು. ನಾನು ಒಳಗೆ ನೋಡಿದ್ದವಳೇ, ಕೈಯೆತ್ತಿ ಎದ್ದವಳು. ಮರಕ್ಕೆ ಮುಖಮಾಡಿ, ಮಾಸ್ಕಿನ ಮೇಲೆ ಮೊಣಕೈ ಒತ್ತಿಕೊಂಡು ಕೆಮ್ಮಿದಳು. ನಲ್ಲಿಯಲ್ಲಿ ಕೈ ತೊಳೆದು ಒಳಗೆ ಹೋದಳು. ದಿನಸಿ ಅಂಗಡಿಯಲ್ಲಿ ನಾನು ಮೆಚ್ಚಿದ್ದ ನಡವಳಿಕೆ, ಚಾಚೂ ತಪ್ಪದೆ.

ನನಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದೆ ಪಾಷಾ ಅವರ ಮೇಲೇ ಹರಿಹಾಯ್ದೆ. ಮಂಜಿನ ಊರು, ಶೀತದ ಕೆಮ್ಮು ಇರಬಹುದು, ಧೂಳಿನದಿರಬಹುದು, ಎಲ್ಲವನ್ನೂ ಹಬೆಯ ತಲೆಗೆ ಕಟ್ಟಿದರೆ ಹೇಗೆ ಎಂದೆ. ಮುಗಿಯುವವರೆಗೂ ಅವರು ಕೇಳಿದರು.

"ಶೀತದ ಕೆಮ್ಮು ಗಂಟ್ಲಲ್ಲಿ ಮುಗಿಯುತ್ತೆ. ಇದು ಇಲ್ಲಿಂದ ಏಳೋದು," ಎಂದು ಪಕ್ಕೆಲುಬಿನ ಕೆಳಗೆ ಕೈಯಿಟ್ಟರು. "ನಂಗೆ ಇದ್ರ ಸದ್ದು ಗೊತ್ತಿಲ್ವಾ? ರಾತ್ರಿಯೆಲ್ಲ ಪಕ್ಕದಲ್ಲೇ ಕೇಳಿದೀನಿ ಇಷ್ಟು ವರ್ಷ."

ಒಬ್ಬ ವಯಸ್ಸಾದ ಹೆಂಗಸು ಬಂದಾಗ ತಮಗೂ ಕೆಮ್ಮು ಎದ್ದಿತಂತೆ. ಗೋಡೆಯ ಆಚೆ ಅವಳು, ಈಚೆ ಇವರು, ಇಬ್ಬರೂ ಬೆನ್ನು ಹಾಕಿಕೊಂಡು ಕೆಮ್ಮಿದರಂತೆ. ಮುಗಿದ ಮೇಲೆ ತಿರುಗಿ ನೋಡಿಕೊಂಡರಂತೆ. ಅವಳು ತನ್ನ ಅಂಗೈ ಎತ್ತಿ ತೋರಿಸಿದಳಂತೆ, ಇವರೂ ತೋರಿಸಿದರಂತೆ. ಗೋಡೆಯ ಮೇಲೆ ಒಂದು ತುಂಡು ಜೇಷ್ಠಮಧು ಇಟ್ಟು ಇವರು ಹಿಂದೆ ಸರಿದು ನಿಂತರಂತೆ. ಅವಳು ಬಂದು ತೆಗೆದುಕೊಂಡು, ಮೂಸಿ ನೋಡಿ, ಬಾಯಿಗೆ ಹಾಕಿಕೊಂಡು ಹೋದಳಂತೆ.

ಪಾಷಾ ಅವರು ಫೋನು ತೆಗೆದರು. ನಮ್ಮೂರಿನಲ್ಲಿ ಆಗ ಬೆಳಗ್ಗೆ ಹತ್ತೂವರೆ ಇರಬೇಕು. ಎತ್ತಿಕೊಂಡದ್ದು ಆಯಿಷಾ. ಪಾಷಾ ಅವರ ಫೋನು ಯಾವಾಗಲೂ ಸ್ಪೀಕರಿನಲ್ಲೇ. ಉರ್ದುವಿನಲ್ಲಿ ಮಾತಾಡಿದರು, ನನಗೆ ಅಷ್ಟು ಉರ್ದು ತಿಳಿಯುತ್ತದೆ. ಮಿಷನ್ನು ಹೇಗಿದೆ ಅಬ್ಬಾ ಎಂದು ಅವಳು ಕೇಳಿದಳು. ಮಿಷನ್ನು ಚೆನ್ನಾಗಿದೆ ಬೇಟಾ, ನಮಗೆ ಬೇಡ ಎಂದರು. ಇಲ್ಲಿಯ ಹೆಂಗಸರೂ ಕೆಮ್ಮುತ್ತಾರೆ, ನೀನು ಆ ಜಾಗದಲ್ಲಿ ಕೂರುವುದು ಬೇಡ, ಬೇಸಿನ್ನಿನ ನೀರು ಬಸಿದುಬಿಡಿ, ಮುಂದೇನು ಅಂತ ನಾನು ಬಂದ ಮೇಲೆ ನೋಡೋಣ ಎಂದರು.

ಅವರು ಮಾತು ಮುಗಿಸಿದಾಗ ಅವಳ ಹಿಂದಿನಿಂದ ಟಕಟಕ ಎಂದು ಏನೋ ತಿರುಗುವ ಸದ್ದು ಕೇಳಿತು. ನೂಲು ಸುತ್ತುವ ರಾಟೆ ಯಾರು ತಿರುಗಿಸುತ್ತಿದ್ದಾರೆ ಎಂದು ಪಾಷಾ ಅವರು ಕೇಳಿದರು.

ನಾನೇ ಅಬ್ಬಾ ಎಂದಳು. ಹೇಗೂ ಮಿಷನ್ನು ಬರುತ್ತದಲ್ಲ, ಅಲ್ಲಿವರೆಗೆ ಗೂಡು ಯಾಕೆ ಹಾಳಾಗಬೇಕು ಎಂದು ನೀವು ಹೊರಟ ದಿನದಿಂದ ಕೂತಿದ್ದೇನೆ, ಅಮ್ಮನಿಗೆ ಬೈಯಬೇಡಿ ಎಂದಳು.

ಅವರು ಬೈಯಲಿಲ್ಲ. "ಉಠ್ ಬೇಟಾ," ಎಂದರು. ಏಳು ಎಂದು. ಎಳೆ ಅರ್ಧದಲ್ಲಿದೆ, ಇದೊಂದು ಮುಗಿಸಿ ಏಳುತ್ತೇನೆ ಎಂದಳು. ಅವರು ಮತ್ತೆ ಅದನ್ನೇ ಅಂದರು, ಇನ್ನೂ ಮೆಲ್ಲಗೆ. ನಮ್ಮ ಹಿಂದೆ ಬಾಗಿಲು ತೆರೆದು ಎಣಿಕೆಯಲ್ಲಿ ಹನ್ನೆರಡನೆಯವಳೋ ಹದಿಮೂರನೆಯವಳೋ ಆದ ಇನ್ನೊಬ್ಬ ಹೆಂಗಸು ಬಂದು ಮರಕ್ಕೆ ಮುಖಮಾಡಿ ಕೆಮ್ಮಿದಳು, ಕೈ ತೊಳೆದುಕೊಂಡು ಹೋದಳು. ಪಾಷಾ ಅವರು ಆ ಕಡೆ ನೋಡಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಶಿಡ್ಲಘಟ್ಟದ ಆ ರಾಟೆ ನಿಲ್ಲುವವರೆಗೂ ಕೇಳುತ್ತಾ ಕೂತರು.